ರೋರಿ ಗ್ಯಾಲಗರ್ ಹೆಸರು ಬಿಡಬಾರದಿತ್ತು

ಮಾನ್ಯರೇ,

ಬ್ಲೂಸ್-ರಾಕ್ ಗಿಟಾರ್ ವಾದಕರ ಕುರಿತ ನಿಮ್ಮ ಪುರವಣಿ ಲೇಖನದಲ್ಲಿ ಐರ್ಲೆಂಡಿನ ರೋರಿ ಗ್ಯಾಲಗರ್ ಹೆಸರೇ ಇಲ್ಲದ್ದು ಕಂಡು ಬೇಸರವಾಯಿತು.

1963ರಲ್ಲಿ, ಹದಿನೈದರ ಹುಡುಗ ಗ್ಯಾಲಗರ್ ಕಾರ್ಕ್ ಊರಿನ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಟ್ರಾಟೋಕಾಸ್ಟರ್ ಗಿಟಾರ್ ಒಂದನ್ನು ಸಾಲದಲ್ಲಿ ಕೊಂಡರು. ಬೆಲೆ ಸುಮಾರು 100 ಪೌಂಡ್. ಬಣ್ಣ ಕಿತ್ತು ಬರೀ ಮರ ಕಾಣುವಂತಾದರೂ ಅದನ್ನು ಬಿಡಲಿಲ್ಲ. 1966ರಲ್ಲಿ ಟೇಸ್ಟ್ ತಂಡ ಕಟ್ಟಿದರು, ಆಮೇಲೆ ಸ್ವಂತ ಹೆಸರಿನಲ್ಲೇ ಹಾಡು ಬರೆದು ನುಡಿಸಿದರು.

ಇದಕ್ಕಿಂತ ಜಾಸ್ತಿ ಹೇಳಬೇಕಾದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವಿಷಯ. 1970ರ ದಶಕದಲ್ಲಿ ಅಲ್ಲಿ ಬಾಂಬು, ಗುಂಡಿನ ಭಯ. ಹೆಚ್ಚಿನ ಕಲಾವಿದರು ಆ ಕಡೆ ಸುಳಿಯುತ್ತಿರಲಿಲ್ಲ. ಗ್ಯಾಲಗರ್ ಮಾತ್ರ ಮತ್ತೆ ಮತ್ತೆ ಹೋಗಿ ಅಲ್ಸ್ಟರ್ ಹಾಲ್‌ನಲ್ಲಿ ನುಡಿಸಿದರು. ಒಬ್ಬರನ್ನೊಬ್ಬರು ನಂಬದ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಪಂಗಡದ ಹುಡುಗರು ಒಂದೇ ಸಭಾಂಗಣದಲ್ಲಿ ಕೂಡಿ ಕೇಳಿದರು. ಸಣ್ಣ ಮಾತಲ್ಲ, ಅಲ್ವಾ? 1974ರ ಅವರ ಐರ್ಲೆಂಡ್ ಪ್ರವಾಸದ ಲೈವ್ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ.

ಅವರು ತೀರಿಕೊಂಡದ್ದು 1995ರ ಜೂನ್ 14ರಂದು, 47ನೇ ವಯಸ್ಸಿನಲ್ಲಿ. ಮುಂದಿನ ಜೂನ್ 14ರ ಹೊತ್ತಿಗೆ ಅವರ ಬಗ್ಗೆಯೇ ಒಂದು ಪೂರ್ಣ ಲೇಖನ ಪ್ರಕಟಿಸಿ. ಜೊತೆಗೆ ಮೊದಲು ಕೇಳಬೇಕಾದ ನಾಲ್ಕೈದು ಹಾಡುಗಳ ಪಟ್ಟಿಯನ್ನೂ ಕೊಟ್ಟರೆ ಹೊಸ ಕೇಳುಗರಿಗೆ ಅನುಕೂಲ.

– ಸಂಗೀತಪ್ರಿಯ ಓದುಗ, ಮೈಸೂರು