ಭಾನುವಾರ ಮುಗಿದ ಮೇಲೆ

ಪ್ರೀತಿಯ ಗೆಳೆಯಾ,

ಕರ್ತನ ಹೆಸರಿನಲ್ಲಿ ವಂದನೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಭಾನುವಾರ ಸಭೆಯಲ್ಲಿ ಕೂತಾಗ ದೇವರು ಪಕ್ಕದಲ್ಲೇ ಇದ್ದಾರೆ ಅನಿಸುತ್ತದೆ, ಸೋಮವಾರ ಕೆಲಸ ಶುರುವಾದ ಹತ್ತು ನಿಮಿಷಕ್ಕೆ ಎಲ್ಲ ಮರೆತೇ ಹೋಗುತ್ತದೆ ಅಂತ ಬರೆದಿದ್ದೀಯ. ಇನ್ನೂ ಬೇಗ ಎದ್ದು ಜಾಸ್ತಿ ಹೊತ್ತು ಪ್ರಾರ್ಥನೆ ಮಾಡಬೇಕಾ ಅಂತಲೂ ಕೇಳಿದ್ದೀಯ. ಮಾಡು, ಒಳ್ಳೆಯದೇ. ಆದರೆ ನನಗೆ ಕಮ್ಮಿ ಇದ್ದದ್ದು ಸಮಯ ಅಲ್ಲ. ಪ್ರಾರ್ಥನೆ ಮುಗಿದ ಕೂಡಲೇ ದೇವರನ್ನು ಆ ಕೋಣೆಯಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಬರುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಓದುತ್ತಿದ್ದೆ. ಕಾಣಿಕೆ ಕೊಡಲು ಬಂದಾಗ, ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಅನ್ನುತ್ತಾರೆ ಯೇಸು. ಎಷ್ಟು ಸಲ ಓದಿದ್ದೇನೋ. ಅವತ್ತು ಮಾತ್ರ ಆ ವಚನ ದಾಟಿ ಮುಂದೆ ಹೋಗಲು ಆಗಲಿಲ್ಲ. ಅಣ್ಣನ ಜೊತೆ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಬೈಬಲ್ ತೆರೆದಿಟ್ಟೇ ಫೋನ್ ಕೈಗೆ ತೆಗೆದುಕೊಂಡೆ. ಉದ್ದದ ಮೆಸೇಜ್ ಬರೆದೆ. ಓದಿ ನೋಡಿದರೆ ಪೂರ್ತಿ ನನ್ನದೇ ಸರಿ ಅನ್ನುವ ಮಾತು. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು: "ಅಣ್ಣಾ, ತಪ್ಪು ನನ್ನದು. ಫೋನ್ ಮಾಡಲಾ?" ಬೆರಳು ನಡುಗುತ್ತಿತ್ತು. ಅವತ್ತಿನ ಪ್ರಾರ್ಥನೆ ಅದೇ ಆಯಿತು, ಬೇರೆ ಮಾತು ಬರಲಿಲ್ಲ. ಉತ್ತರ ಬಂದದ್ದು ಮೂರು ದಿನ ಬಿಟ್ಟು. "ಮಾಡು."

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಅಡುಗೆ ಕೆಲಸಕ್ಕಿದ್ದ ಸಹೋದರ ಲಾರೆನ್ಸ್ ಗೊತ್ತಲ್ವಾ? ಅವರಿಗೆ ಅಡುಗೆ ಕೆಲಸ ಇಷ್ಟವೇ ಇರಲಿಲ್ಲವಂತೆ. ಆದರೂ ಪಾತ್ರೆಗಳ ಸದ್ದು, ಜನರ ಕೂಗಾಟದ ನಡುವೆ, ಮೊಣಕಾಲೂರಿದಾಗ ಇದ್ದಷ್ಟೇ ನೆಮ್ಮದಿಯಿಂದ ದೇವರ ಜೊತೆ ಇರುತ್ತಿದ್ದರು. ನನಗೆ ಅದು ಇನ್ನೂ ಬಂದಿಲ್ಲ. ದಿನಕ್ಕೆ ಎರಡು ಮೂರು ಸಲ, ಸಿಟ್ಟು ಗಂಟಲಿಗೆ ಬಂದಾಗ, "ಕರ್ತನೇ, ಈಗ ನೀನೇ ಮಾತಾಡು" ಅನ್ನಲು ನೆನಪಾಗುತ್ತದೆ. ಮೊದಲು ಅದೂ ಇರಲಿಲ್ಲ.

ನೀನು ಮಾಡಿದ ಕೆಲಸಕ್ಕೆ ಬೇರೆಯವರು ಹೆಸರು ತೆಗೆದುಕೊಂಡರು ಅಂತ ನೊಂದುಕೊಂಡಿದ್ದೀಯ. ಅದು ಅನ್ಯಾಯವೇ, ಸುಮ್ನೆ ಸಮಾಧಾನದ ಮಾತು ಹೇಳುವುದಿಲ್ಲ. ಬೈಬಲ್‌ನಲ್ಲಿ ಅಪೊಸ್ತಲ ಪೌಲ ಕೊಲೊಸ್ಸೆಯ ಸಭೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆದು ನೋಡು. ಏನು ಮಾಡಿದರೂ ಮನುಷ್ಯರಿಗೆ ಅಂತ ಅಲ್ಲ, ಕರ್ತನಿಗೆ ಅಂತ ಮನಸಾರೆ ಮಾಡಿ ಅಂತ ಪೌಲ ಅಲ್ಲಿ ಹೇಳುವುದು ದಾಸರಿಗೆ. ದುಡಿದರೂ ಹೆಸರು ಸಿಗದವರಿಗೆ. ಅವರ ದುಡಿಮೆಯನ್ನು ಒಬ್ಬರು ನೋಡುತ್ತಿದ್ದರು, ನಿನ್ನದನ್ನೂ ನೋಡುತ್ತಿದ್ದಾರೆ.

ಈ ವಿಷಯ ನಿನ್ನ ಮ್ಯಾನೇಜರ್ ಹತ್ತಿರ ಮಾತಾಡಿದೆಯಾ? ಏನಾಯಿತು ಅಂತ ಬರೆ. ರಾತ್ರಿ ನಿನಗಾಗಿ ಪ್ರಾರ್ಥಿಸುವಾಗ ಅವರನ್ನೂ ನೆನೆಸಿಕೊಳ್ಳುತ್ತಿದ್ದೇನೆ.

ನಿನ್ನ ಗೆಳೆಯ