ಬಾತ್‌ರೂಮಿನ ಮಾರ್ಬಲ್ ಕಲೆ: ಉಜ್ಜುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ವಾಶ್ ಬೇಸಿನ್ ಪಕ್ಕದ ಮಾರ್ಬಲ್ ಮೇಲೆ ಕಲೆ ಕಂಡ ಕೂಡಲೇ ನಿಂಬೆಹಣ್ಣು, ವಿನೆಗರ್, ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಮಾರ್ಬಲ್ ಅಂದ್ರೆ ಹೆಚ್ಚುಕಮ್ಮಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕಲ್ಲೇ ಸವೆಯುತ್ತದೆ.

ಮೊದಲು ಓರೆ ಬೆಳಕಲ್ಲಿ ನೋಡಿ. ಬಣ್ಣವೇನೂ ಇಲ್ಲದೆ ಹೊಳಪು ಮಾತ್ರ ಹೋಗಿದೆಯಾ? ಅದು ಕಲೆಯಲ್ಲ, ಸುಮ್ನೆ ಉಜ್ಜಿ ಪ್ರಯೋಜನವಿಲ್ಲ, ಪಾಲಿಶ್ ಮಾಡಿಸಬೇಕು. ಎಣ್ಣೆ, ಕ್ರೀಮ್ ಇಳಿದು ಕಪ್ಪಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ದಪ್ಪಗೆ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹೊದಿಸಿ 24 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು, ಪೂರ್ತಿ ಒಣಗಿದ ಮೇಲೆ ಮರದ ಚಮಚದಿಂದ ಮೆಲ್ಲಗೆ ಎಬ್ಬಿಸಿ ಒರೆಸಿ. ಒಂದೇ ಸಲಕ್ಕೆ ಹೋಗಲ್ಲ ಅಂದ್ರೆ ಇನ್ನೊಮ್ಮೆ ಮಾಡಿ.

ಹೇರ್ ಡೈ ಕಲೆಗೆ ನೀರಿನ ಬದಲು 3% ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಬಿಳಿ ಕಲ್ಲಿಗೆ ಮಾತ್ರ! ತುಕ್ಕಿನ ಕಲೆ ಮಹಾ ಹಟಮಾರಿ, ಅದನ್ನು ಪಾಲಿಶ್‌ನವರಿಗೇ ಬಿಡುವುದು ವಾಸಿ.