ಬಡಿತ ಏರಿತೆಂದು ಕರೆ ಕಡಿಯುವುದು ಯಾವ ಸೀಮೆಯ ಚಿಕಿತ್ಸೆ?

ಸಂಪಾದಕರಿಗೆ,

ಆಘಾತೋತ್ತರ ಒತ್ತಡಕ್ಕೆ (ಪಿಟಿಎಸ್‌ಡಿ) ವಿಡಿಯೊ ಮೂಲಕ ನಡೆಯುತ್ತಿದ್ದ ಚಿಕಿತ್ಸೆ, ಕಚೇರಿಯಿಂದ ಹಂಚಿದ ಕೈಯ ಗಡಿಯಾರ ನಿಮಿಷಕ್ಕೆ 110 ಹೃದಯ ಬಡಿತ ತೋರಿಸಿತೆಂದು ಅರ್ಧದಲ್ಲೇ ತಾನಾಗಿ ತುಂಡಾದ ವರದಿ ನಿನ್ನೆಯ ಸಂಚಿಕೆಯಲ್ಲಿದೆ. ವ್ಯವಸ್ಥೆ ನಿಗದಿಯಂತೆಯೇ ಕೆಲಸ ಮಾಡಿದೆ ಎಂಬ ಅಧಿಕಾರಿಗಳ ಸಮಜಾಯಿಷಿಯೂ ಅದರ ಕೆಳಗೇ ಇದೆ. ಹೌದು ಸ್ವಾಮಿ, ಕೆಲಸ ಮಾಡಿದೆ. ಕೆಟ್ಟಿದ್ದು ಚಿಕಿತ್ಸೆ ಮಾತ್ರ.

ಆ ಹೊತ್ತಿನಲ್ಲಿ ನಡೆಯುತ್ತಿದ್ದುದು ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಅಂದರೆ ಆಘಾತದ ನೆನಪನ್ನು ಎದುರಿಸಿ ಪಳಗಿಸುವ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಕಣ್ಣು ಮುಚ್ಚಿ, ಆದದ್ದನ್ನು ಈಗಲೇ ಆಗುತ್ತಿದೆಯೆಂಬಂತೆ ಮತ್ತೆ ಮತ್ತೆ ಹೇಳಬೇಕು. ನಡುನಡುವೆ ಚಿಕಿತ್ಸಕರು ಸಂಕಟ ಎಷ್ಟಿದೆಯೆಂದು 0–100ರ ಅಳತೆಯಲ್ಲಿ ಕೇಳುತ್ತಾರೆ. ಆಗ ಎದೆ ಹೊಡೆದುಕೊಳ್ಳಲೇಬೇಕು. ಹೊಡೆದುಕೊಳ್ಳದಿದ್ದರೆ ಹೇಳುವವರು ಇನ್ನೂ ನೆನಪಿನ ಅಂಚಿನಲ್ಲೇ ಸುಳಿದಾಡುತ್ತಿರಬಹುದು. ಸಂಕಟ ನೆತ್ತಿಗೇರಿದ ಗಳಿಗೆಯಲ್ಲಿ ಪರದೆ ಕಪ್ಪಾದರೆ, ಈ ನೆನಪು ನಿಜಕ್ಕೂ ಅಪಾಯಕಾರಿ, ಯಂತ್ರವೇ ಹೆದರಿ ಓಡಿತು ಎಂಬ ಪಾಠವೊಂದೇ ಉಳಿಯುತ್ತದೆ. ಹೇಳಿದ್ದನ್ನು ಕೊನೆಯಲ್ಲಿ ಇಬ್ಬರೂ ಕೂತು ಬಿಡಿಸಿ ನೋಡುವ ಭಾಗವಂತೂ ಬರುವುದೇ ಇಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆ ಡವಗುಟ್ಟುವುದನ್ನು ವೈದ್ಯ ಡ ಕೋಸ್ಟ 1871ರಲ್ಲೇ ಬರೆದಿಟ್ಟರು. ನಮ್ಮವರಿಗೆ ಅದು ಈ ವರ್ಷ ಗೊತ್ತಾದಂತಿದೆ.

110 ಎಂಬ ಗೆರೆಯನ್ನಾದರೂ ಯಾರು ಎಳೆದರು? ವಿಶ್ರಾಂತಿಯಲ್ಲಿ 58 ಇರುವವರಿಗೂ 92 ಇರುವವರಿಗೂ ಒಂದೇ ಗೆರೆ. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಬಡಿತ ಎಷ್ಟು ಹೆದರಿದರೂ ಅಲ್ಲಿಗೆ ಮುಟ್ಟದೆ ಇರಬಹುದು; ಖಿನ್ನತೆಗೆ ಕೊಡುವ ಹಳೆಯ ಟ್ರೈಸೈಕ್ಲಿಕ್ ಮಾತ್ರೆ ತೆಗೆದುಕೊಳ್ಳುವವರದು ಮೆಟ್ಟಿಲು ಹತ್ತಿದರೆ ಸಾಕು, ದಾಟುತ್ತದೆ. ಮೇಲಾಗಿ ಗಡಿಯಾರದ ಅಡಿಯ ಹಸಿರು ಬೆಳಕು ಅಳೆಯುವುದು ಚರ್ಮದಡಿ ರಕ್ತದ ಏರಿಳಿತವನ್ನು, ಹೃದಯದ ವಿದ್ಯುತ್ತನ್ನಲ್ಲ. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಅಲ್ಲಿ ಹಚ್ಚೆ ಇದ್ದರೆ, ಕೈ ನಡುಗಿದರೆ ಲೆಕ್ಕ ತಪ್ಪುತ್ತದೆ. ಹೆದರಿದವರ ಕೈ ನಡುಗುತ್ತದೆ ಎಂದು ಯಾರಾದರೂ ಹೇಳಬಾರದಿತ್ತೆ? ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ ಎಂಬ ಒಂದು ಸಾಲು ಕೂಡ ಗಡಿಯಾರದ ಜೊತೆ ಬಂದ ಕಾಗದದಲ್ಲಿಲ್ಲ. ಉದ್ಘಾಟಿಸಿದವರ ಚಿತ್ರ ಇದೆ.

ಇನ್ನು ಗಡಿಯಾರದ ಆ್ಯಪ್ ಕೊಡುವ ‘ನೆಮ್ಮದಿ ಅಂಕ’. ಅದು ಬಡಿತಗಳ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ; ಹೆಚ್ಚು ಬದಲಾದಷ್ಟೂ ಹೆಚ್ಚು ಶಾಂತಿ ಎಂಬ ಎಣಿಕೆ. 1996ರ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆ ಹೃದಯದ ವಿದ್ಯುತ್ತನ್ನು ಅಳೆಯುವ ಇಸಿಜಿಯನ್ನು, ಅದೂ ಸಾಧ್ಯವಾದಷ್ಟು ಸೆಕೆಂಡಿಗೆ 250ರಿಂದ 500 ಸಲ ಅಳೆಯುವಂಥದ್ದನ್ನು, ಅಲುಗದೆ 5 ನಿಮಿಷ ದಾಖಲಿಸಲು ಹೇಳುತ್ತದೆ. ಅಕಾಲಿಕ ಬಡಿತ ಒಂದೆರಡು ನುಸುಳಿದರೂ, ತೆಗೆದುಹಾಕದಿದ್ದರೆ ಅಂಕ ಕೆಡುತ್ತದೆ. ಹೃತ್ಕರ್ಣದ ಕಂಪನ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ಕಾಯಿಲೆ) ಇರುವವರಲ್ಲಿ ಲಯವೇ ಚೆಲ್ಲಾಪಿಲ್ಲಿಯಾಗಿ ಅಂತರ ವಿಪರೀತ ಬದಲಾಗುವುದರಿಂದ, ಆ್ಯಪ್ ಅವರನ್ನು ಪರಮ ಶಾಂತರೆಂದು ಅಭಿನಂದಿಸುತ್ತದೆ! ಲಯದ ಬಗ್ಗೆ ಅನುಮಾನವಿದ್ದರೆ ಇಸಿಜಿಯೇ ಬೇಕು. ಗಡಿಯಾರದ 30 ಸೆಕೆಂಡಿನ ಇಸಿಜಿ ಆ ಕ್ಷಣಕ್ಕಷ್ಟೇ ಸಾಕ್ಷಿ. ಅಪರೂಪಕ್ಕೊಮ್ಮೆ ಬರುವ ತೊಂದರೆಗೆ 14 ದಿನದವರೆಗೆ ಎದೆಗೆ ಅಂಟಿಸುವ ಪ್ಯಾಚ್ ಇದೆ. ಅದನ್ನೂ ಹಂಚಿದ್ದಾರೆ, ನಿಜ. ಕೂದಲು ಬೋಳಿಸಿ, ಚರ್ಮ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಬೇಕೆಂದು ಹೇಳದೆ ಹಂಚಿದ್ದಾರೆ. ಬೆವರಿಗೆ ಕಿತ್ತು ಬಂದರೆ ‘ಬಳಕೆದಾರರ ನಿರ್ಲಕ್ಷ್ಯ’.

ರಾತ್ರಿಯದು ಬೇರೆ ಕಥೆ. ಕೆಟ್ಟ ಕನಸಿನಲ್ಲಿ ಬಡಿತ ಏರಿದಾಗ ಎಚ್ಚರವಾಗದಷ್ಟು ಮೆಲ್ಲಗೆ ಕಂಪಿಸುವ, ವೈದ್ಯರ ಚೀಟಿ ಇದ್ದರಷ್ಟೇ ಸಿಗುವ ಗಡಿಯಾರದ ಆ್ಯಪ್ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅನುಮತಿ ಕೊಟ್ಟಿತು. ನಮಗೆ ಕೊಟ್ಟಿರುವುದು ಗಂಟೆ ಬಾರಿಸಿ ಎಬ್ಬಿಸಿ, ‘ಶಾಂತರಾಗಿರಿ’ ಎನ್ನುತ್ತದೆ. ಸಣ್ಣ ಸದ್ದಿಗೂ ಬೆಚ್ಚಿಬೀಳುವುದೇ ಕಾಯಿಲೆಯಾದವರಿಗೆ! ಬೆಳಿಗ್ಗೆ ಚಾರ್ಜ್ ಇಲ್ಲ. ಫೋನಿನ ಬ್ಯಾಟರಿ ಉಳಿತಾಯ ಆ್ಯಪನ್ನು ಹಿನ್ನೆಲೆಯಲ್ಲೇ ಮುಚ್ಚಿರುತ್ತದೆ. ಭೇಟಿಗೆ ಮುಂಚೆ ಅಪ್‌ಡೇಟ್, ಆಮೇಲೆ ಒಟಿಪಿ, ಆಮೇಲೆ ಅದೇ ನಮೂನೆ ಮತ್ತೊಮ್ಮೆ. ಗಡಿಯಾರಕ್ಕೂ ಫೋನಿಗೂ ಎರಡು ನಿಮಿಷ ವ್ಯತ್ಯಾಸವಿದ್ದರೆ, ಬಡಿತ ಏರಿದ್ದು ಯಾವ ಮಾತಿಗೆ ಎಂಬುದೂ ತಿಳಿಯುವುದಿಲ್ಲ.

ಗಡಿಯಾರ ಹಂಚಿದ ಇದೇ ಕಚೇರಿ ಹಿಂದೆ ರಕ್ತದೊತ್ತಡದ ಯಂತ್ರ ಹಂಚಿದಾಗ ಎಲ್ಲರಿಗೂ ಒಂದೇ ಅಳತೆಯ ಪಟ್ಟಿ ಕೊಟ್ಟಿತ್ತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇದ್ದುದಕ್ಕಿಂತ ಹೆಚ್ಚು ತೋರುತ್ತದೆ. ಇಲ್ಲದ ಕಾಯಿಲೆಗೆ ಮಾತ್ರೆ ಬರೆಸಿಕೊಂಡು ಬಂದರು ಜನ. ದೂರು ಕೊಟ್ಟರೆ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಇವತ್ತಿಗೂ ಇಲ್ಲ. ಸಹಾಯವಾಣಿ ಹತ್ತರಿಂದ ಐದರವರೆಗೆ, ಕನಸುಗಳೂ ಕಚೇರಿ ಸಮಯದಲ್ಲೇ ಬೀಳುತ್ತವೆ ಎಂಬಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೈಗೆ ಯಂತ್ರ ಕೊಟ್ಟರೆ ಇನ್ನೇನಾದೀತು?

ದೂರದಿಂದ ಚಿಕಿತ್ಸೆ ಕೊಡುವವರು ಮೊದಲು ಕೇಳಬೇಕಾದವು ಬೇರೆಯೇ ಇವೆ: ಈಗ ಎಲ್ಲಿ ಕೂತಿದ್ದೀರಿ, ವಿಳಾಸವೇನು, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ಕರೆ ಕಡಿದರೆ ಯಾವ ಸಂಖ್ಯೆಗೆ ಯಾರು ತಿರುಗಿ ಮಾಡಬೇಕು, ತುರ್ತಿಗೆ ಬರಬಲ್ಲ ಹತ್ತಿರದವರು ಯಾರು. ಪ್ರತಿ ಭೇಟಿಯಲ್ಲೂ ಕೇಳಬೇಕು, ಏಕೆಂದರೆ ಜನ ಒಂದೇ ಕಡೆ ಇರುವುದಿಲ್ಲ. ಗುಣ ಕಾಣುತ್ತಿದೆಯೇ ಎಂದು ತಿಳಿಯಲು ಪಿಟಿಎಸ್‌ಡಿ ಲಕ್ಷಣಗಳ ಬಗ್ಗೆ 20 ಪ್ರಶ್ನೆ ಕೇಳುವ ಪಿಸಿಎಲ್-5 ಎಂಬ ಪ್ರಶ್ನಾವಳಿ ಇದೆ. ಬಡಿತದ ನಕ್ಷೆ ಅದಕ್ಕೆ ಬದಲಿಯಲ್ಲ. ನಿನ್ನೆಯ ಪ್ರಕರಣದಲ್ಲಿ ಕರೆ ಕಡಿದ ಮೇಲೆ ತಿರುಗಿ ಕರೆ ಮಾಡಿದ್ದು ಯಾರು? ವರದಿಯಲ್ಲೂ ಇಲ್ಲ, ಸಮಜಾಯಿಷಿಯಲ್ಲೂ ಇಲ್ಲ.

ಆ 110ರ ಗೆರೆಯನ್ನು ತೆಗೆಯಲಿ. ಇಲ್ಲವೇ ಅದನ್ನು ಎಳೆದವರನ್ನು ತೆಗೆಯಲಿ. ಎರಡೂ ಆಗದಿದ್ದರೆ, ಆ ಗಡಿಯಾರವನ್ನು ಅಧಿಕಾರಿಗಳೇ ಒಂದು ತಿಂಗಳು ಕಟ್ಟಿಕೊಂಡು ಸಭೆ ನಡೆಸಲಿ. 110 ದಾಟಿದೊಡನೆ ಸಭೆ ಬರಖಾಸ್ತು.

– ನೊಂದ ಚಿಕಿತ್ಸಕರು ಮತ್ತು ಅವರ ಬಳಿ ಬರುವವರು